ಅಕ್ಕನ ಸೈಕಲ್ಲಿಗೆ ಬಾರ್ ಹಾಕಿಸಿದ್ದು

ರಬ್ಬರ್ ಸಲ್ಯೂಷನ್ನಿನ ವಾಸನೆ ನಿಮಗೆ ನೆನಪಿರಬಹುದು. ಪಂಚರ್ ಆದ ಟ್ಯೂಬನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬೆರಳ ತುದಿಯಿಂದ ತೆಳ್ಳಗೆ ಸವರಿ, ಬಾಯಿಂದ ಊದಿ ಒಣಗಿಸುತ್ತಿದ್ದ ಆ ಅಂಟು. ಅದನ್ನು ಪರಿಮಳ ಎಂದರೆ ಜನ ನಗುತ್ತಾರೆ, ಆದರೆ ನನ್ನ ಮಟ್ಟಿಗೆ ಅದು ಪರಿಮಳವೇ. ಹೋದ ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಹೋಟೆಲೊಂದರ ಮುಂದೆ ಅದು ಮೂಗಿಗೆ ಬಡಿಯಿತು. ರಜಾ ದಿನ ಸೈಕಲ್ ಹೊಡೆಯುವವರ ಗುಂಪೊಂದು ದೋಸೆಗೆಂದು ಅಲ್ಲಿ ನಿಂತಿತ್ತು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣಬಣ್ಣದ ಬನಿಯನ್ನು, ಎರಡು ಬೆರಳಲ್ಲಿ ಎತ್ತಬಹುದಾದಂಥ ಸೈಕಲ್ಲುಗಳು. ಎಲ್ಲರೂ ಗಂಡಸರು, ಒಬ್ಬಳೇ ಒಬ್ಬಳು ಹುಡುಗಿ. ಅವಳು ಫುಟ್‌ಪಾತಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚಕ್ರ ಬಿಚ್ಚಿ, ತಾನೇ ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದಳು. ದಿನಾ ನನ್ನ ಜೊತೆ ವಾಕಿಂಗ್ ಬರುವ ಮೂರ್ತಿ ಕಾಫಿ ಲೋಟ ಹಿಡಿದು ಆ ಗುಂಪನ್ನು ನೋಡಿದವರು, “ನೋಡಿ ಸಾರ್, ಇಷ್ಟು ಜನ ಗಂಡಸ್ರ ಮಧ್ಯೆ ಒಂದೇ ಹುಡುಗಿ. ಹೆಣ್ಮಕ್ಳಿಗೆ ಇದ್ರಲ್ಲೆಲ್ಲ ಇಂಟ್ರೆಸ್ಟೇ ಇರಲ್ಲ ಬಿಡಿ” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮಗೇನ್ರೀ ಗೊತ್ತು? ಸುಮ್ನೆ ಕಾಫಿ ಕುಡೀರಿ” ಎಂದು ಗದರಿಬಿಟ್ಟೆ. ಪಾಪ, ಅವರು ಕಣ್ಣು ಕಣ್ಣು ಬಿಟ್ಟರು. ಅರವತ್ತು ದಾಟಿದ ಮೇಲೆ ಹೀಗೆ ನಡುರಸ್ತೆಯಲ್ಲಿ ಸಿಡುಕುವುದು ನನಗೆ ಅಭ್ಯಾಸವಾಗಿದೆ, ಮನೆಯಲ್ಲೂ ಬೈಸಿಕೊಳ್ಳುತ್ತೇನೆ. ಆದರೆ ಅವತ್ತಿನ ಸಿಟ್ಟು ಮೂರ್ತಿಯವರ ಪಾಲಿನದಾಗಿರಲಿಲ್ಲ. ಅದು ನನ್ನ ಪಾಲಿನದು, ಐವತ್ತು ವರ್ಷದಿಂದ ಇಟ್ಟುಕೊಂಡದ್ದು. ಮನೆಗೆ ಬಂದು ತಿಂಡಿಯನ್ನೂ ತಿನ್ನದೆ ಕೂತೆ. ನನ್ನ ಅಕ್ಕ ವಿಮಲಳಿಗೆ ಒಂದು ಸೈಕಲ್ ಇತ್ತು. ಆ ಸೈಕಲ್ಲಿನಿಂದಾಗಿ ಅವಳಿಗೆ ಒಂದು ಕಾಲೇಜು ಸಿಕ್ಕಿತ್ತು. ಎರಡನ್ನೂ ನಾನು ಕಿತ್ತುಕೊಂಡೆ. ಹೇಗೆ ಎಂದು ಒಂದು ಸಲ ಯಾರಿಗಾದರೂ ಹೇಳಿಬಿಡಬೇಕು, ಇನ್ನು ಒಳಗೇ ಇಟ್ಟುಕೊಳ್ಳಲು ಆಗುವುದಿಲ್ಲ.

ನಮ್ಮ ಮನೆ ಇದ್ದದ್ದು ಎನ್.ಆರ್. ಕಾಲೋನಿಯಲ್ಲಿ. ಗೇಟು ತೆಗೆದರೆ ಎಡಗಡೆ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ, ಒಬ್ಬ ಮನುಷ್ಯ ಒಂದು ಸೈಕಲ್ ತಳ್ಳಿಕೊಂಡು ಹೋಗುವಷ್ಟು ಅಗಲದ ಓಣಿ. ಅದರ ಕೊನೆಯಲ್ಲಿ ಬಚ್ಚಲ ಒಲೆಯ ಹೊಗೆ, ನಂದಬಟ್ಟಲ ಗಿಡ, ಒಗೆಯುವ ಕಲ್ಲು. ಓಣಿಯ ಗೋಡೆಗೆ ಅಪ್ಪನ ಕಪ್ಪು ಸೈಕಲ್ ಒರಗಿರುತ್ತಿತ್ತು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಹುಳಿಯನ್ನ ಉಂಡು, ಪ್ಯಾಂಟಿನ ಬಲಗಾಲಿಗೆ ಕಬ್ಬಿಣದ ಕ್ಲಿಪ್ಪು ಸಿಕ್ಕಿಸಿ, ಡಬ್ಬಿಯ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ ಹೊರಟರೆ ಅಮ್ಮ ಗೇಟಿನ ತನಕ ಬರುತ್ತಿದ್ದಳು. ಆ ಹೊತ್ತಿಗೆ ನಮ್ಮ ರಸ್ತೆಯ ಮನೆಮನೆಯಿಂದಲೂ ಒಬ್ಬೊಬ್ಬ ಗಂಡಸು ಸೈಕಲ್ ತಳ್ಳಿಕೊಂಡು ಹೊರಗೆ ಬರುತ್ತಿದ್ದ. ಗೇಟುಗಳಲ್ಲಿ ಹೆಂಗಸರು ನಿಂತಿರುತ್ತಿದ್ದರು. ಸೈಕಲ್ಲುಗಳು ತಿರುವಿನಲ್ಲಿ ಮರೆಯಾದ ಮೇಲೆ ಅವರು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ನನಗಾಗಲಿ ನಮ್ಮ ರಸ್ತೆಯ ಯಾರಿಗಾಗಲಿ ಅನ್ನಿಸಿದ್ದೇ ಇಲ್ಲ.

ಅಂಥ ರಸ್ತೆಗೆ ಒಂದು ಸಂಜೆ ಅಪ್ಪ ಎರಡನೆಯ ಸೈಕಲ್ ತಂದರು. ಒಂದನ್ನು ತುಳಿಯುತ್ತಾ ಇನ್ನೊಂದರ ಹ್ಯಾಂಡಲ್ಲನ್ನು ಪಕ್ಕದಲ್ಲಿ ಹಿಡಿದು ನಡೆಸಿಕೊಂಡು ಬಂದರು. ಅವರ ಕಚೇರಿಯ ಮೇಡಂ ಒಬ್ಬರು ವರ್ಗವಾಗಿ ದಿಲ್ಲಿಗೆ ಹೋಗುವಾಗ ಬಿಟ್ಟುಹೋದ ಲೇಡೀಸ್ ಸೈಕಲ್. ಕಡು ಹಸಿರು ಬಣ್ಣ, ನಡುವೆ ಬಾರ್ ಇಲ್ಲದೆ ಕೆಳಗೆ ಇಳಿದ ಫ್ರೇಮು, ಲಂಗ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಕೆಂಪು ಹಳದಿ ದಾರದ ಬಲೆ. ಅಕ್ಕನಿಗೆ ಆಗ ಹದಿನಾಲ್ಕು, ನನಗೆ ಏಳು. ಅಜ್ಜಿ ಜಗಲಿಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿ, “ಏನೋ ಇದು? ಮೈ ನೆರೆದ ಹುಡ್ಗಿ ಬೀದೀಲಿ ಸೈಕಲ್ ಹೊಡೀತಾಳಾ? ನಾಳೆ ಗಂಡು ನೋಡೋಕೆ ಬಂದವ್ರಿಗೆ ಏನು ಹೇಳ್ತೀಯಪ್ಪ?” ಎಂದರು. ಅಪ್ಪ ಎಂದೂ ತಾಯಿಗೆ ಎದುರಾಡಿದವರಲ್ಲ. ಆವತ್ತು ಮಾತ್ರ ಕ್ಲಿಪ್ಪು ಬಿಚ್ಚುತ್ತಾ, “ಇವಳಿಗೆ ಉಬ್ಬಸ ಬಂದಾಗ ನಾನು ಮನೇಲಿ ಇರಲ್ಲಮ್ಮ. ಔಷಧಿ ತರೋಕೆ ಯಾರಾದ್ರೂ ಬೇಕಲ್ಲ” ಎಂದು ಅಮ್ಮನ ಕಡೆ ತೋರಿಸಿದರು. ಅಮ್ಮನ ಉಬ್ಬಸ ಅವತ್ತು ನಮ್ಮ ಅಕ್ಕನಿಗೆ ದೊಡ್ಡ ಉಪಕಾರ ಮಾಡಿತು.

ಅಕ್ಕ ಸೈಕಲ್ ಕಲಿತದ್ದು ನಾಲ್ಕೇ ದಿನದಲ್ಲಿ. ಅಪ್ಪ ಸೀಟು ಹಿಡಿದುಕೊಂಡು ಹಿಂದೆ ಓಡಿದ್ದು ಎರಡು ದಿನ. ಮೂರನೆಯ ದಿನ ಅಪ್ಪ ಯಾವಾಗಲೋ ಕೈಬಿಟ್ಟು ನಿಂತಿದ್ದರು, ಅವಳು ಹಿಂದೆ ತಿರುಗಿ ನೋಡದೆ ರಸ್ತೆಯ ಕೊನೆಯ ತನಕ ಹೋಗಿ, ಇಳಿಯುವುದು ಹೇಗೆಂದು ಗೊತ್ತಾಗದೆ ಯಾರದೋ ಮನೆಯ ದಾಸವಾಳದ ಬೇಲಿಗೆ ನುಗ್ಗಿದಳು. ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಕ್ಕ ಅಷ್ಟು ದೊಡ್ಡ ದನಿಯಲ್ಲಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಾಗೆ ನಕ್ಕರೆ ಅಜ್ಜಿ ಅಡುಗೆಮನೆಯಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ನಾನು ಗಂಡುಹುಡುಗ. ಬಾಷಾ ಸಾಬರ ಅಂಗಡಿಯಿಂದ ಗಂಟೆ ಲೆಕ್ಕದಲ್ಲಿ ಚಿಕ್ಕ ಸೈಕಲ್ ಬಾಡಿಗೆಗೆ ತಂದು, ನಾನೂ ನನ್ನ ಗೆಳೆಯರೂ ಸುಮ್ಮನೆ ಬೀದಿ ಸುತ್ತುತ್ತಿದ್ದೆವು. ಎಲ್ಲಿಗೆ ಹೋಗ್ತೀಯ, ಯಾಕೆ ಹೋಗ್ತೀಯ ಎಂದು ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಅಕ್ಕ ಓಣಿಯಿಂದ ಸೈಕಲ್ ತೆಗೆದರೆ ಮಾತ್ರ ಒಳಗಿನಿಂದ “ಎಲ್ಲಿಗೆ?” ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಉತ್ತರ ತಯಾರಾಗಿರಬೇಕಿತ್ತು. ಅಮ್ಮನ ಮಾತ್ರೆ, ಕಾಫಿಪುಡಿ, ಅಜ್ಜಿಯ ಏಕಾದಶಿಗೆ ಬಾಳೆಹಣ್ಣು, ಗಿರಣಿಯಿಂದ ಹಿಟ್ಟು. ಅಕ್ಕ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವಾಗ ಬೇಕೆಂದೇ ಒಂದು ಪದಾರ್ಥವನ್ನು ಬಿಟ್ಟು ಬರುತ್ತಿದ್ದಳು. ಮನೆಗೆ ಬಂದು ಚೀಲ ಸುರಿದು, ಹಣೆ ಚಚ್ಚಿಕೊಂಡು, “ಅಯ್ಯೋ, ಕರಿಬೇವು ಮರ್ತೇಬಿಟ್ಟೆ ಕಣಮ್ಮ! ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ” ಎನ್ನುತ್ತಿದ್ದಳು. ಕ್ಯಾರಿಯರ್ ಮೇಲೆ ನಾನು. ಹೀಗೆ ಹೋದವರು ಚಾಮರಾಜಪೇಟೆಯ ಅಡ್ಡರಸ್ತೆಗಳನ್ನೆಲ್ಲ ಸುತ್ತಿ ಬರುತ್ತಿದ್ದೆವು. ಸಂಜೆಯ ಗಾಳಿಗೆ ಅವಳ ಜಡೆ ನನ್ನ ಮುಖಕ್ಕೆ ಬಡಿಯುತ್ತಿತ್ತು. ಸೀಗೇಕಾಯಿ, ಕನಕಾಂಬರ, ಬೆವರು. “ಮನೇಲಿ ಹೇಳಿದ್ರೆ ಇಲ್ಲೇ ಇಳಿಸ್ಬಿಡ್ತೀನಿ ನೋಡು” ಎಂದು ಹೆದರಿಸುತ್ತಿದ್ದಳು. ನಾನು ಹೇಳುತ್ತಿರಲಿಲ್ಲ. ಅಮ್ಮನಿಗಂತೂ ಎಲ್ಲ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ವಾರಕ್ಕೆ ಮೂರು ಸಲ ಕರಿಬೇವು ಮರೆಯುವ ಮಗಳನ್ನು ಯಾವ ತಾಯಿ ತಾನೇ ನಂಬುತ್ತಾಳೆ?

ಮೂರ್ತಿಯವರಿಗೆ ನಾನು ಹೇಳಬೇಕಿದ್ದದ್ದು ಇದನ್ನೇ. ಆಸಕ್ತಿಯ ಮಾತಾಡಿದರಲ್ಲ ಅವರು. ಸೈಕಲ್ ಮೇಲೆ ಹತ್ತು ನಿಮಿಷ ಹೆಚ್ಚಿಗೆ ಇರಲಿಕ್ಕೆ ದಿನದಿನವೂ ಸುಳ್ಳು ಹೊಂದಿಸುತ್ತಿದ್ದವಳು ಅವಳು. ನಾವು ಹುಡುಗರಿಗೆ ಬೇಸರವಾದರೆ ಸೈಕಲ್ಲನ್ನು ಚರಂಡಿ ಪಕ್ಕ ಒಗೆದು ಗೋಲಿ ಆಡಲು ಹೋಗುತ್ತಿದ್ದೆವು. ಪ್ರತಿ ಶನಿವಾರ ಅವಳು ಚೈನಿಗೆ ಎಣ್ಣೆ ಬಿಡುತ್ತಿದ್ದಳು, ಹಳೆಯ ಪಂಚೆಯ ಚೂರಿನಿಂದ ಚಕ್ರದ ಒಂದೊಂದು ಕಡ್ಡಿಯನ್ನೂ ಒರೆಸುತ್ತಿದ್ದಳು. ಪಂಚರ್ ಹಾಕುವುದನ್ನು ಬಾಷಾ ಸಾಬರ ಅಂಗಡಿಯ ಮುಂದೆ ನಿಂತು ನೋಡಿ ನೋಡಿಯೇ ಕಲಿತು, ಅವರಿಂದಲೇ ಸಲ್ಯೂಷನ್ನಿನ ಟ್ಯೂಬು ತಂದಿಟ್ಟುಕೊಂಡಿದ್ದಳು. ಒಗೆಯುವ ಕಲ್ಲಿನ ಮೇಲೆ ಕೂತು ಅವಳು ಆ ಅಂಟನ್ನು ಊದುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಮೂಗರಳಿಸುತ್ತಿದ್ದೆ.

ಪಿಯುಸಿಯಲ್ಲಿ ಅಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅವಳಿಗೆ ಬಿಎಸ್ಸಿ ಓದಬೇಕು, ಅದರಲ್ಲೂ ರಸಾಯನಶಾಸ್ತ್ರ. ಸೀಟು ಸಿಕ್ಕಿದ್ದು ಊರಿನ ಆ ತುದಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಎರಡು ಬಸ್ಸು ಬದಲಾಯಿಸಬೇಕು, ಪ್ರಾಕ್ಟಿಕಲ್ಸ್ ಇದ್ದ ದಿನ ಸಂಜೆ ಐದಕ್ಕೆ ಬಿಡುತ್ತಾರೆ, ಆ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಬಸ್ಸಿಗೆ ಕಾದರೆ ಮನೆ ಮುಟ್ಟುವುದು ದೀಪ ಹಚ್ಚಿದ ಮೇಲೆಯೇ. ದೀಪ ಹಚ್ಚಿದ ಮೇಲೆ ಮನೆಗೆ ಬರುವ ಹುಡುಗಿಯ ಓದು ಬೇಕಿಲ್ಲ ಎಂದು ಅಜ್ಜಿ ಊಟ ಬಿಟ್ಟು ಕೂತರು. ಅಪ್ಪ ಎರಡು ದಿನ ಯೋಚಿಸಿ, “ಬಸ್ಸು ಬೇಡ. ಸೈಕಲ್ ಇದ್ಯಲ್ಲ, ಅದ್ರಲ್ಲಿ ಹೋಗಿ ದೀಪದ ಹೊತ್ತಿಗೆ ಮುಂಚೆ ಬಂದ್ಬಿಡ್ಲಿ. ಆಗ್ಬಹುದಾ?” ಎಂದರು. ಅಜ್ಜಿ ಆಯಿತೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ, ಎದ್ದು ಊಟಕ್ಕೆ ಕೂತರು. ಹಾಗೆ ಅಕ್ಕನ ಕಾಲೇಜು ಪೂರ್ತಿಯಾಗಿ ಆ ಹಸಿರು ಸೈಕಲ್ಲಿನ ಮೇಲೆ ನಿಂತಿತು. ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪುಸ್ತಕಗಳನ್ನು ಕ್ಯಾರಿಯರಿಗೆ ಬಿಗಿದು ಅವಳು ಹೊರಟರೆ ನಮ್ಮ ರಸ್ತೆಯ ಗೇಟುಗಳಲ್ಲಿ ನಿಂತ ಹೆಂಗಸರು ಅವಳು ಮರೆಯಾಗುವ ತನಕ ನೋಡುತ್ತಿದ್ದರು. ಒಂದು ಸಂಜೆ ಅವಳ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. “ಸಿಲ್ವರ್ ನೈಟ್ರೇಟ್ ಕಣೋ ಶೀನಿ. ತೊಳೆದ್ರೆ ಹೋಗಲ್ಲ” ಎಂದು ಹತ್ತು ಬೆರಳನ್ನೂ ಬಿಡಿಸಿ ನನಗೆ ತೋರಿಸಿದಳು. ಹಾಗೆ ಬೆರಳು ಬಿಡಿಸಿ ಅವಳು ಬಳೆಯನ್ನು ಕೂಡ ಯಾರಿಗೂ ತೋರಿಸಿದವಳಲ್ಲ.

ಅವಳು ಎರಡನೆಯ ವರ್ಷಕ್ಕೆ ಬರುವಾಗ ನನಗೆ ಹನ್ನೆರಡಾಯಿತು, ಕಾಲು ಉದ್ದವಾಯಿತು. ಅಪ್ಪನ ಸೈಕಲ್ ಮುಟ್ಟುವಂತಿರಲಿಲ್ಲ, ಬಾಡಿಗೆಯ ಚಿಕ್ಕ ಸೈಕಲ್ ಹತ್ತಿದರೆ ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಸಂಜೆ ಅಕ್ಕ ಬಂದ ಮೇಲೆ ಅವಳದನ್ನು ತೆಗೆದುಕೊಂಡು ಹೋಗುತ್ತಿದ್ದೆ. ಅಲ್ಲೇ ಶುರುವಾಯಿತು ನೋಡಿ ನನ್ನ ಗ್ರಹಚಾರ. ಗೆಳೆಯರೆಲ್ಲ “ಬಂದ್ಳು ನೋಡ್ರೋ ಶ್ರೀನಿವಾಸಮ್ಮ” ಎಂದು ಕೂಗಿದರು. “ಜಡೆ ಎಲ್ಲಮ್ಮ? ಹೂವು ಮುಡಿಲಿಲ್ವಾ?” ಎಂದು ಹಿಂದಿನ ಬಲೆಗೆ ಕಡ್ಡಿ ತುರುಕಿದರು. ನಾನು ಬಲೆಯನ್ನು ಬ್ಲೇಡಿನಿಂದ ಕತ್ತರಿಸಿ ಹಾಕಿದೆ. ಅಕ್ಕ ಬೈಯಲಿಲ್ಲ, ಮಾರನೆಯ ದಿನದಿಂದ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು. ಆದರೂ ಹುಡುಗರು ಬಿಡಲಿಲ್ಲ. ಬಾರ್ ಇಲ್ಲದ ಸೈಕಲ್ ಯಾವ ಕಡೆಯಿಂದ ನೋಡಿದರೂ ಲೇಡೀಸ್ ಸೈಕಲ್ಲೇ. ನಾನು ದಿನಾ ಅಳುತ್ತಾ ಮನೆಗೆ ಬರುತ್ತಿದ್ದೆ. ಇಬ್ಬರು ಹುಡುಗರು ತಮ್ಮ ಅಕ್ಕಂದಿರ ಸೈಕಲ್ಲಿಗೆ ಬಾರ್ ಹಾಕಿಸಿಕೊಂಡ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ನಮ್ಮ ಕಡೆ ಆಗ ಹಾಗೆ ಮಾಡಿಸುತ್ತಿದ್ದರು. ಮನೆಯಲ್ಲಿ ಹುಡುಗ ಬೆಳೆದು ನಿಂತರೆ ಹುಡುಗಿಯ ಸೈಕಲ್ಲಿಗೆ ನಡುವೆ ಒಂದು ಕೊಳವೆ ಬೆಸುಗೆ ಹಾಕಿಸಿ ಗಂಡು ಸೈಕಲ್ ಮಾಡುತ್ತಿದ್ದರು. ನಾನು ಅಪ್ಪನ ಬೆನ್ನು ಹತ್ತಿದೆ. ಬಾರ್ ಹಾಕಿಸದಿದ್ದರೆ ಸ್ಕೂಲಿಗೇ ಹೋಗುವುದಿಲ್ಲ ಎಂದು ಹಾಸಿಗೆ ಬಿಟ್ಟು ಏಳದೆ ಹಟ ಹಿಡಿದೆ.

ಆ ಶ್ರಾವಣದಲ್ಲಿ ಮೈಸೂರಿನ ಮದುವೆಯೊಂದಕ್ಕೆ ಅಮ್ಮ, ಅಜ್ಜಿ, ಅಕ್ಕ ಮೂವರೂ ಮೂರು ದಿನ ಹೋದರು. ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ನಾನು. ಎರಡನೆಯ ದಿನ ಅಪ್ಪ ನನ್ನ ಗೋಳು ತಡೆಯಲಾರದೆ ಹಸಿರು ಸೈಕಲ್ಲನ್ನು ತಳ್ಳಿಕೊಂಡು ಬಾಷಾ ಸಾಬರ ಅಂಗಡಿಗೆ ಬಂದರು. ನಾನು ಪಕ್ಕದಲ್ಲಿ ಕುಣಿಯುತ್ತಾ ಬಂದೆ. ಸಾಬರು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಾ, “ಸ್ವಾಮಿ, ಇದು ವಿಮಲಮ್ಮನ ಸೈಕಲ್ ಅಲ್ವಾ? ಬಾರ್ ಹಾಕ್ಬಿಟ್ರೆ ಸೀರೆ ಉಟ್ಕೊಂಡು ಅವ್ರು ಹೇಗೆ ಹತ್ತೋದು?” ಎಂದರು. ಅಪ್ಪ, “ಅವಳು ಹೇಗೋ ಅಡ್ಜಸ್ಟ್ ಮಾಡ್ಕೋತಾಳೆ ಬಿಡಿ. ಬಸ್ಸೂ ಇದ್ಯಲ್ಲ” ಎಂದರು. “ಒಂದ್ಸಲ ವೆಲ್ಡಿಂಗ್ ಆದ್ಮೇಲೆ ಕೊಯ್ದು ತೆಗೆಯೋಕೆ ಹೋದ್ರೆ ಫ್ರೇಮೇ ಕೆಟ್ಟೋಗುತ್ತೆ. ಯೋಚ್ನೆ ಮಾಡಿ” ಎಂದು ಸಾಬರು ಮತ್ತೆ ಹೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಹಾಕ್ಸಿ ಅಪ್ಪ, ಹಾಕ್ಸಿ ಎಂದು ಅವರ ಷರಟು ಜಗ್ಗಿದೆ. ಅಮ್ಮನ ಉಬ್ಬಸದ ನೆಪ ಹೇಳಿ ತಾಯಿಯನ್ನೇ ಎದುರಿಸಿದ ಮನುಷ್ಯ ಹನ್ನೆರಡು ವರ್ಷದ ಹುಡುಗನ ಹಟಕ್ಕೆ ಸೋತುಹೋದರು. ಬೆಸುಗೆಯ ಕಿಡಿ ಹಾರುವಾಗ ಕಣ್ಣು ಮುಚ್ಚಿಕೋ ಎಂದು ಸಾಬರು ನನಗೆ ಹೇಳಿದರು. ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಹಸಿರು ಸೈಕಲ್ಲಿನ ನಡುವೆ ಒಂದು ಕಪ್ಪು ಬಾರ್ ಕೂತಿತ್ತು. ಹಸಿರು ಬಣ್ಣ ಅಂಗಡಿಯಲ್ಲಿ ಇರಲಿಲ್ಲವಂತೆ.

ಮದುವೆಯಿಂದ ಬಂದವರು ಆಟೋ ಇಳಿದರು. ಅಕ್ಕನ ಕೈಯಲ್ಲಿ ತಾಂಬೂಲದ ಚೀಲ, ಮುಡಿಯಲ್ಲಿ ಬಾಡಿದ ಮೈಸೂರು ಮಲ್ಲಿಗೆ. ಅವಳು ಎಂದಿನ ಹಾಗೆ ಮೊದಲು ಓಣಿಯ ಕಡೆ ನೋಡಿದಳು. ಚೀಲವನ್ನು ಜಗಲಿಯ ಮೇಲೆ ಇಟ್ಟು ಹತ್ತಿರ ಹೋಗಿ ಬಾರಿನ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಯ ತನಕ ಕೈಯಾಡಿಸಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, “ಶೀನಿಗೂ ಆಗ್ಲಿ ಅಂತ ನಾನೇ ಹಾಕ್ಸಿದೆ ವಿಮಲ. ನೀನು ಸ್ವಲ್ಪ ದಿನ ಬಸ್ಸಲ್ಲಿ ನೋಡು” ಎಂದರು. ಅಕ್ಕ, “ಗಟ್ಟಿಯಾಗಿ ಕೂಡ್ಸಿದಾರೆ” ಎಂದಳು. ಕಾಲು ತೊಳೆದುಕೊಂಡು ಒಳಗೆ ಹೋಗಿ ಎಲ್ಲರಿಗೂ ಕಾಫಿ ಬೆರೆಸಿದಳು. ಅವಳು ಅತ್ತು ರಂಪ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಾಲ್ಕೈದು ದಿನವಾದ ಮೇಲೆ ಒಂದು ಮುಂಜಾನೆ ನಾನು ಬಚ್ಚಲ ಕಡೆ ಹೋಗುವಾಗ ಅಕ್ಕ ಓಣಿಯಲ್ಲಿ ಒಬ್ಬಳೇ ಇದ್ದಳು. ಸೈಕಲ್ಲನ್ನು ನೆಲದ ಕಡೆಗೆ ಪೂರ್ತಿ ಬಾಗಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಬಾರಿನ ಆಚೆಗೆ ಒಂದು ಕಾಲು ದಾಟಿಸಲು ನೋಡುತ್ತಿದ್ದಳು. ಕಾಲೇನೋ ದಾಟಿತು. ಸೈಕಲ್ ನೇರ ಮಾಡುವ ಹೊತ್ತಿಗೆ ಸೀರೆ ಮಂಡಿಯ ಮೇಲಕ್ಕೆ ಬಂತು. ಎದುರು ಮನೆಯ ಕಿಟಕಿ ತೆರೆದೇ ಇತ್ತು. ಅವಳು ಬೇಗಬೇಗ ಕಾಲು ತೆಗೆದು ಇಳಿದಳು. ತಿರುಗಿ ನೋಡಿದರೆ ನಾನು. “ಗಾಳಿ ಇದ್ಯಾ ಅಂತ ನೋಡ್ತಿದ್ದೆ ಕಣೋ” ಎಂದು ಬಗ್ಗಿ ಚಕ್ರವನ್ನು ಹಿಸುಕಿದಳು. ನಾನೂ “ಇದೆ ಅಕ್ಕ” ಎಂದೆ. ಅಷ್ಟೇ ನಮ್ಮ ಮಾತು.

ಅಕ್ಕ ಬಸ್ಸಿನಲ್ಲಿ ಹೋಗತೊಡಗಿದಳು. ಆಯುಧಪೂಜೆ ಬಂತು. ಪ್ರತಿ ವರ್ಷ ಎರಡೂ ಸೈಕಲ್ ತೊಳೆದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕುವ ಕೆಲಸ ಅಕ್ಕನದೇ. ಆ ವರ್ಷ ಅವಳು ಮಾಡಲಾರಳು ಎಂದುಕೊಂಡಿದ್ದೆ. ಮಾಡಿದಳು. ಒಂದೊಂದು ಕಡ್ಡಿಯನ್ನೂ ಒರೆಸಿದಳು, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಉಳಿದ ಹೂವಿನ ಮಾಲೆಯನ್ನು ಆ ಕಪ್ಪು ಬಾರಿಗೆ ಕೊನೆಯಿಂದ ಕೊನೆಗೆ ಸುತ್ತಿದಳು. ಎಷ್ಟು ಒತ್ತೊತ್ತಾಗಿ ಸುತ್ತಿದಳೆಂದರೆ ಬಾರ್ ಕಾಣಿಸದೇ ಹೋಯಿತು. ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದವಳು ತಟ್ಟೆಯನ್ನು ಅಪ್ಪನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟಳು.

ಬಸ್ಸು ಅಜ್ಜಿ ಹೇಳಿದ ಹಾಗೆಯೇ ಮಾಡಿತು. ಪ್ರಾಕ್ಟಿಕಲ್ಸ್ ಇದ್ದ ದಿನ ಅಕ್ಕ ಬರುವ ಹೊತ್ತಿಗೆ ದೇವರ ಮುಂದೆ ದೀಪ ಉರಿಯುತ್ತಿತ್ತು, ಅಜ್ಜಿ ಗೇಟಿನಲ್ಲಿ ನಿಂತಿರುತ್ತಿದ್ದರು. ಒಂದು ತಿಂಗಳು ಸುಮ್ಮನಿದ್ದರು, ಇನ್ನೊಂದು ತಿಂಗಳು ಗೊಣಗಿದರು, ದೀಪಾವಳಿ ಕಳೆದ ಮೇಲೆ ಮತ್ತೆ ಊಟ ಬಿಟ್ಟರು. ಈ ಸಲ ಅಪ್ಪನ ಹತ್ತಿರ ತೋರಿಸಲು ಸೈಕಲ್ ಇರಲಿಲ್ಲ. “ಪರೀಕ್ಷೆಗೆ ಮನೆಯಲ್ಲೇ ಓದ್ಕೋ” ಎಂದರು. ಹಾಜರಿ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಯಾರು ಕೂರಿಸುತ್ತಾರೆ? ಅದು ಅಪ್ಪನಿಗೂ ಗೊತ್ತಿತ್ತು. ಅಕ್ಕ ಪುಸ್ತಕಗಳನ್ನು ಅಟ್ಟದ ಮೇಲೆ ಇಟ್ಟಳು. ಕೆಲವು ದಿನ ಅವಳ ಬೆರಳುಗಳಲ್ಲಿ ಕಪ್ಪು ಕಲೆ ಉಳಿದಿತ್ತು, ಪಾತ್ರೆ ತಿಕ್ಕಿ ತಿಕ್ಕಿ ಅದೂ ಹೋಯಿತು. ಮುಂದಿನ ವೈಶಾಖದಲ್ಲಿ ಹಾಸನಕ್ಕೆ ಮದುವೆಯಾಗಿ ಹೋದಳು. ಭಾವ ಕೆಟ್ಟವರಲ್ಲ. ಅವರ ಬಳಿ ಒಂದು ಸೈಕಲ್ ಇತ್ತು, ಅದನ್ನು ಅವರು ತುಳಿಯುತ್ತಿದ್ದರು.

ಇನ್ನು ನನ್ನ ಆಸಕ್ತಿಯ ಕಥೆ. ನಾಚಿಕೆಯಾಗುತ್ತದೆ, ಹೇಳುತ್ತೇನೆ. ಅಕ್ಕ ಹೋದ ಎರಡು ವರ್ಷಕ್ಕೆ ನನಗೆ ಸೈಕಲ್ ಬೇಡವಾಯಿತು. ಗೆಳೆಯನ ಲೂನಾ ಹಿಂದೆ ಕೂತು ತಿರುಗುವುದರಲ್ಲಿ ಮಜಾ ಕಂಡಿತು. ಹಸಿರು ಸೈಕಲ್ ಓಣಿಯಲ್ಲಿ ಮಳೆಗೆ ನೆನೆದು ತುಕ್ಕು ಹಿಡಿಯಿತು. ಅಕ್ಕ ಬಾಣಂತನಕ್ಕೆ ಬಂದಾಗ ಅದರ ಚೈನಿಗೆ ಎಣ್ಣೆ ಬಿಟ್ಟು ಹೋದಳು, ಮುಂದಿನ ಸಲ ಬರುವಷ್ಟರಲ್ಲಿ ಅಪ್ಪ ಅದನ್ನು ಗುಜರಿಗೆ ಹಾಕಿದ್ದರು. ಒಬ್ಬೊಬ್ಬರಾಗಿ ಅಜ್ಜಿ, ಅಪ್ಪ, ಅಮ್ಮ ಹೋದರು. ಮನೆ ಕೆಡವಿ ಫ್ಲ್ಯಾಟು ಕಟ್ಟಿದೆವು. ಓಣಿ ಇದ್ದಲ್ಲಿ ಈಗ ಕಾರುಗಳು ಇಳಿಯುವ ಇಳಿಜಾರು. ನಂದಬಟ್ಟಲ ಗಿಡದ ಜಾಗದಲ್ಲಿ ನೀರಿನ ಪಂಪು. ನಿಮಗೂ ಇಂಥ ಮನೆಯೊಂದು ಇದ್ದಿರಬೇಕು, ಅದರ ಹೊಗೆ, ಹೂವು, ಕೆಮ್ಮು, ಗೊಣಗು ಎಲ್ಲ ಈಗ ನಿಮ್ಮೊಬ್ಬರ ತಲೆಯಲ್ಲೇ ಉಳಿದಿರಬೇಕು. ನನ್ನ ತಲೆಯಲ್ಲಿ ಉಳಿದಿರುವ ಮನೆಯಲ್ಲಿ ಎಲ್ಲರೂ ನನ್ನನ್ನು ಮುದ್ದು ಮಾಡುತ್ತಾರೆ. ಅದೇ ನನಗೆ ತಡೆಯಲಾಗದ ಸಂಗತಿ.

ಎರಡು ವರ್ಷದ ಹಿಂದೆ ಅಕ್ಕ ಮಂಡಿ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದಳು. ಆಪರೇಷನ್ ಆದ ಮೇಲೆ ದಿನಾ ನಾನೇ ಅವಳನ್ನು ಬಸವನಗುಡಿಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕೆಲವು ವಾರವಾದ ಮೇಲೆ ಅಲ್ಲಿಯ ಹುಡುಗಿ ಅವಳನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿದಳು. ಚೂಡಿದಾರ ಹಾಕಿದ್ದ ಅಕ್ಕ ಮೊದಮೊದಲು ನೋವಿಗೆ ಹಲ್ಲು ಕಚ್ಚಿದಳು, ಆಮೇಲೆ ಕಾಲು ಸಲೀಸಾಯಿತು. ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿ ತುಳಿಯುತ್ತಿದ್ದ ನನ್ನ ವಯಸ್ಸಿನ ಇಬ್ಬರು ಗಂಡಸರು ಸಾಕಪ್ಪಾ ಎಂದು ಇಳಿದರು. ಅಕ್ಕ ಇಳಿಯಲಿಲ್ಲ. “ಸಾಕು ಆಂಟಿ, ಇವತ್ತಿಗೆ ಸಾಕು!” ಎಂದು ಹುಡುಗಿ ನಕ್ಕಳು. “ಮುಂಚೆ ಸೈಕಲ್ ಬರ್ತಿತ್ತಾ ನಿಮಗೆ?”

“ಬರ್ತಿತ್ತಮ್ಮ. ಕಾಲೇಜಿಗೆ ಅದ್ರಲ್ಲೇ ಹೋಗ್ತಿದ್ದೆ.”

“ಆಮೇಲೆ ಯಾಕೆ ಬಿಟ್ರಿ?”

ಅಕ್ಕ ನನ್ನ ಕಡೆ ಒಂದು ಸಲ ನೋಡಿ, “ಕಾಲೇಜ್ ಮುಗೀತಲ್ಲ, ಬಿಟ್ಟೆ” ಎಂದಳು.

ಆಟೋ ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. “ಅಕ್ಕ, ಆ ಬಾರ್ ಹಾಕ್ಸಿದ್ದು ಅಪ್ಪ ಅಲ್ಲ. ನಾನೇ ಹಟ ಮಾಡಿ ಹಾಕ್ಸಿದ್ದು. ನಿನ್ನ ಕಾಲೇಜು ಹಾಳು ಮಾಡಿದ್ದು ನಾನು” ಎಂದೆ. ಅವಳು ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

“ಗೊತ್ತು ಕಣೋ. ನೀನು ದಿನಾ ಅಳ್ತಾ ಬರ್ತಿದ್ದದ್ದನ್ನ ನಾನು ನೋಡಿರ್ಲಿಲ್ವಾ?” ಎಂದಳು. ಮಂಡಿ ಸವರಿಕೊಳ್ಳುತ್ತಾ ಹೇಳಿದಳು: “ನೀನು ಬಂದು, ಅಕ್ಕ, ಸೈಕಲ್ ನಂಗೆ ಕೊಡ್ತೀಯಾ ಅಂದಿದ್ರೆ ಕೊಟ್ಬಿಡ್ತಿದ್ದೆ ಶೀನಿ. ನಾನೇ ಅಂಗಡೀಲಿ ನಿಂತು ಬಾರ್ ಹಾಕ್ಸಿ ಕೊಡ್ತಿದ್ದೆ. ಕಾಲೇಜಿ​ಗೆ ಬೇರೆ ಏನಾದ್ರೂ ದಾರಿ ಹುಡುಕ್ತಿದ್ದೆ. ಒಬ್ರೂ ಒಂದು ಮಾತು ಕೇಳ್ಲಿಲ್ಲ. ಅಪ್ಪಾನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಅದೊಂದು ಮಾತ್ರ ಮನಸ್ಸಿಂದ ಹೋಗ್ಲೇ ಇಲ್ಲ ನೋಡು.”

ಆಗಲಾದರೂ ನಾನು ಕೇಳಬೇಕಿತ್ತು. ಆ ಆಟೋದಲ್ಲೇ, ಐವತ್ತು ವರ್ಷ ತಡವಾಗಿಯಾದರೂ, “ಅಕ್ಕ, ಸೈಕಲ್ ಕೊಡ್ತೀಯಾ?” ಎಂದು ಬಾಯಿಬಿಟ್ಟು ಕೇಳಿಬಿಡಬೇಕಿತ್ತು. ಅವಳು ನಗುತ್ತಿದ್ದಳೋ, ಅಳುತ್ತಿದ್ದಳೋ, ಬೆನ್ನಿಗೊಂದು ಗುದ್ದುತ್ತಿದ್ದಳೋ ಗೊತ್ತಿಲ್ಲ. ನನಗೆ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮನೆ ಬಂತು, ಕೈ ಹಿಡಿದು ಇಳಿಸಿಕೊಂಡೆ. ಆ ಕಾರ್ತೀಕದಲ್ಲಿ ಹಾಸನದಲ್ಲಿ ಅಕ್ಕ ತೀರಿಕೊಂಡಳು.